ಮೂರಕ್ಷರದ ಒಂದು ಶಬ್ದ

ಇಂಗ್ಲಿಷ್ ಕಲಿಸುವ ನಮ್ಮಂಥ ಮೇಷ್ಟರುಗಳಿಗೆಲ್ಲ ಒಂದು ಪಟ್ಟಿ ಬಾಯಿಪಾಠವಾಗಿರುತ್ತದೆ. ಎಡಗಡೆ ಪುಲ್ಲಿಂಗ, ಬಲಗಡೆ ಸ್ತ್ರೀಲಿಂಗ. ಲಯನ್–ಲಯನೆಸ್, ಪ್ರಿನ್ಸ್–ಪ್ರಿನ್ಸೆಸ್, ಪೊಯೆಟ್–ಪೊಯೆಟೆಸ್. ಗಂಡು ಶಬ್ದವೇ ಮೊದಲು, ಅದಕ್ಕೊಂದು ಬಾಲ ಹಚ್ಚಿದರೆ ಹೆಣ್ಣು ಶಬ್ದ ಸಿದ್ಧ. ವರ್ಷಾನುಗಟ್ಟಲೆ ಇದನ್ನು ಕರಿಹಲಗೆಯ ಮೇಲೆ ಬರೆದವರಿಗೆ ಅದರ ಕೆಳಭಾಗದಲ್ಲಿ ಬರುವ ಎರಡು ಜೋಡಿಗಳ ವಿಚಿತ್ರ ಥಟ್ಟನೆ ಹೊಳೆಯುವುದಿಲ್ಲ. ಒಂದು ಬ್ರೈಡ್–ಬ್ರೈಡ್‌ಗ್ರೂಮ್, ಇನ್ನೊಂದು ವಿಡೊ–ವಿಡೋವರ್. ಇಲ್ಲಿ ಕ್ರಮ ತಿರುಗುಮುರುಗು. ಮದುಮಗಳ ಶಬ್ದಕ್ಕೆ ಬಾಲ ಹಚ್ಚಿ ಮದುಮಗನನ್ನು ಮಾಡಿದ್ದಾರೆ. ವಿಧವೆಯ ಶಬ್ದಕ್ಕೆ ಬಾಲ ಹಚ್ಚಿ ವಿಧುರನನ್ನು ಮಾಡಿದ್ದಾರೆ. ಅಂದರೆ ಆ ಪಟ್ಟಿಯಲ್ಲಿ ಗಂಡಸು ತನ್ನ ಹೆಸರಿಗಾಗಿ ಹೆಂಗಸಿನ ಮುಂದೆ ಕೈಚಾಚುವುದು ಎರಡೇ ಸಲ: ಅವಳನ್ನು ಕೈಹಿಡಿದ ದಿನ ಒಮ್ಮೆ, ಕಳೆದುಕೊಂಡ ದಿನ ಒಮ್ಮೆ.

ಜರ್ಮನ್ ಭಾಷೆಯಲ್ಲೂ ಹೀಗೇ. ವಿಧವೆಗೆ ವಿಟ್ವೆ, ವಿಧುರನಿಗೆ ವಿಟ್ವರ್. ರಷ್ಯನ್ನಿನಲ್ಲಿ ವ್ದೊವಾ ಎಂದರೆ ವಿಧವೆ. ಅದಕ್ಕೆ ಪ್ರತ್ಯಯ ಸೇರಿಸಿದರೆ ವ್ದೊವೆತ್ಸ್, ವಿಧುರ. ಡಚ್ಚರಲ್ಲಿ ವೆದುವೆ, ವೆದುವ್‌ನಾರ್. ಸ್ವೀಡನ್ನಿನವರು ಈ ಶಬ್ದವನ್ನು ಬಿಟ್ಟು ‘ಒಂಟಿಯಾದವಳು’ ಎಂಬ ಅರ್ಥದ ಎಂಕಾ ಎಂಬ ಬೇರೆಯೇ ಶಬ್ದವನ್ನು ಇಟ್ಟುಕೊಂಡಿದ್ದಾರೆ. ಆದರೆ ಅವರೂ ಗಂಡಸಿಗೆ ಹೆಸರಿಡುವಾಗ ಆ ಎಂಕಾ ಶಬ್ದವನ್ನೇ ಎಳೆದು ಎಂಕ್ಲಿಂಗ್ ಎಂದು ಮಾಡಿಕೊಂಡರು. ಇಷ್ಟು ದೇಶದವರು ಒಟ್ಟಿಗೆ ಕೂತು ಮಾತಾಡಿಕೊಂಡು ಮಾಡಿದ್ದಲ್ಲ. ಹಾಗಾದರೆ ಎಲ್ಲೆಡೆ ಹೀಗೇಕೆ?

ಈ ಶಬ್ದದ ಬೆನ್ನು ಹತ್ತಲು ನನಗೆ ವ್ಯಾಕರಣದ ಕುತೂಹಲಕ್ಕಿಂತ ಹತ್ತಿರದ ಕಾರಣವೊಂದಿದೆ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯವರು ತೀರಿಕೊಂಡರು. ಆಮೇಲಿನ ತಿಂಗಳುಗಳಲ್ಲಿ ನಾನು ತುಂಬಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಒಂದು ಕಚೇರಿಯ ಅರ್ಜಿಯಲ್ಲಿ ಮೂರು ಚೌಕಗಳಿದ್ದವು: ಅವಿವಾಹಿತೆ, ವಿವಾಹಿತೆ, ವಿಧವೆ. ಕೈಯಲ್ಲಿ ಪೆನ್ನು ಹಿಡಿದು ಕೂತವಳಿಗೆ ಟಿಕ್ ಹಾಕಲು ಕೈ ಬರಲಿಲ್ಲ. ಎದುರಿಗಿದ್ದ ಹುಡುಗ, ಒಳ್ಳೆಯವನೇ, “ಮೇಡಂ, ಕೊನೇದಕ್ಕೆ ಹಾಕಿ” ಎಂದು ಮೆಲ್ಲಗೆ ಹೇಳಿದ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳು ಕೊನೆಯ ಚೌಕಕ್ಕೆ ಬಂದಿದ್ದೆ. ಅಕ್ಕ ಹೋದಾಗ ಭಾವನವರೂ ಇಂಥದೇ ಅರ್ಜಿಗಳನ್ನು ತುಂಬಿದ್ದರು. ಅವರಿಗೆ ಈ ಶಬ್ದ ಎಲ್ಲಿಯೂ ಎದುರಾಗಲಿಲ್ಲವಂತೆ. ವರ್ಷ ತುಂಬುವುದರೊಳಗೆ ಅವರಿಗೆ ಹೆಣ್ಣು ತೋರಿಸುವವರೂ ಬಂದಿದ್ದರು. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಆ ಶಬ್ದ ನನಗೆ ಅಂಟಿದ ಮೇಲೆ ಅದು ಎಲ್ಲಿಂದ ಬಂತೆಂದು ತಿಳಿಯುವ ಹಟ ಹುಟ್ಟಿತು, ಅಷ್ಟೆ. ನಿಘಂಟುಗಳನ್ನು ತೆಗೆದು ಕೂತೆ.

೧೭೮೬ರ ಫೆಬ್ರವರಿ ೨ರಂದು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಈಗ ಇಲ್ಲದೆ ಹೋಗಿರಬಹುದಾದ ಯಾವುದೋ ಒಂದೇ ಮೂಲದಿಂದ ಹುಟ್ಟಿರಬೇಕು ಎಂಬುದು ಅವನ ಮಾತು. ಮುಂದಿನ ನೂರು ವರ್ಷ ಯುರೋಪಿನ ಪಂಡಿತರು ಶಬ್ದಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ದೇ ಹೋಲಿಸಿದ್ದು. ಅಪ್ಪ, ಅಮ್ಮ, ಅಣ್ಣತಮ್ಮಂದಿರ ಶಬ್ದಗಳ ಜೊತೆಗೆ ಅವರಿಗೆ ಎಲ್ಲೆಲ್ಲೂ ಸಿಕ್ಕ ಇನ್ನೊಂದು ಶಬ್ದವೆಂದರೆ ಇದು. ಸಂಸ್ಕೃತದಲ್ಲಿ ವಿಧವಾ, ಲ್ಯಾಟಿನ್ನಿನಲ್ಲಿ ವಿದುವಾ, ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಬೈಬಲ್ ಅನುವಾದಗೊಂಡ ಗಾಥಿಕ್ ಭಾಷೆಯಲ್ಲಿ ವಿದುವೊ, ಹಳೆಯ ಇಂಗ್ಲಿಷಿನಲ್ಲಿ ವಿದುವೆ, ಬಾಲ್ಟಿಕ್ ಕಡಲ ದಡದ ಹಳೆಯ ಪ್ರಷ್ಯನ್ ಭಾಷೆಯಲ್ಲಿ ವಿದ್ದೆವು. ಪಾರಸಿಯಲ್ಲಿ ನಡುವಿನ ವ್ಯಂಜನ ಸವೆದು ಬೀವೆ ಆಯಿತು. ನಮ್ಮ ಊರುಗಳಲ್ಲಿ ಉರ್ದು ಮಾತಾಡುವ ಮನೆಗಳಲ್ಲಿ ಬೇವಾ ಎನ್ನುವುದು ಅದೇ ಶಬ್ದ. ಐರ್ಲೆಂಡಿನ ಅಂಚಿನಿಂದ ಗಂಗೆಯ ದಡದವರೆಗೆ ಒಬ್ಬಳೇ ಹೆಂಗಸು ಬೇರೆ ಬೇರೆ ಸೀರೆ ಉಟ್ಟು ನಿಂತ ಹಾಗಿದೆ.

ಈ ಎಲ್ಲ ರೂಪಗಳ ಹಿಂದೆ ಐದಾರು ಸಾವಿರ ವರ್ಷಗಳಷ್ಟು ಹಳೆಯ, ಬರಹವೇ ಇಲ್ಲದಿದ್ದ ಒಂದು ಮೂಲಭಾಷೆಯ ಶಬ್ದವಿದೆ ಎಂದು ಪಂಡಿತರು ಊಹಿಸಿ ಕಟ್ಟಿದ್ದಾರೆ. ಅದರ ಧಾತುವಿಗೆ ಬೇರೆಯಾಗು, ಅಗಲು ಎಂಬ ಅರ್ಥ. ಲ್ಯಾಟಿನ್ನಿನಲ್ಲಿ ಈ ಧಾತುವಿನಿಂದ ಹುಟ್ಟಿದ ಮತ್ತೊಂದು ಶಬ್ದ ನಮ್ಮ ಲೆಕ್ಕದ ತರಗತಿಯಲ್ಲಿದೆ: ಡಿವೈಡ್. ಭಾಗಾಕಾರಕ್ಕೂ ವಿಧವೆಗೂ ಒಂದೇ ಬೇರು. ಹಾಗೆಯೇ, ಇನ್ನು ಭಾಗಿಸಲು ಬರುವುದಿಲ್ಲ ಎಂಬ ಅರ್ಥದಲ್ಲಿ ಹುಟ್ಟಿದ ಇಂಡಿವಿಜುಯಲ್ ಎಂಬ ಶಬ್ದಕ್ಕೂ ಅದೇ ಬೇರು. ನಿಘಂಟಿನಲ್ಲಿ ಇದನ್ನು ನೋಡಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅಗಲಿದವಳು ಮತ್ತು ಅಗಲಿಸಲಾಗದ ಒಂಟಿ ಜೀವ, ಎರಡೂ ಒಂದೇ ಮನೆಯ ಮಕ್ಕಳು!

ಇನ್ನು ಆ ಮೊದಲ ಪ್ರಶ್ನೆ. ಮೂಲಭಾಷೆಯಲ್ಲಿ ವಿಧವೆಗೆ ಶಬ್ದವಿತ್ತು, ವಿಧುರನಿಗೆ ಇದ್ದ ಕುರುಹು ಸಿಕ್ಕಿಲ್ಲ. ಕಾರಣ ಆ ಕಾಲದ ನಂಟಸ್ತಿಕೆಯ ಶಬ್ದಗಳಲ್ಲಿದೆ. ಸಂಸ್ಕೃತದ ಸ್ನುಷಾ, ಲ್ಯಾಟಿನ್ನಿನ ನುರುಸ್, ರಷ್ಯನ್ನಿನ ಸ್ನೊಖಾ, ಮೂರೂ ಸೊಸೆ. ಸಂಸ್ಕೃತದ ದೇವರ, ಲ್ಯಾಟಿನ್ನಿನ ಲೇವಿರ್, ರಷ್ಯನ್ನಿನ ದೇವೆರ್, ಮೂರೂ ಗಂಡನ ತಮ್ಮ ಅಥವಾ ಅಣ್ಣ. ಶ್ವಶ್ರೂ, ಸೊಕ್ರುಸ್, ಸ್ವೆಕ್ರೋವ್ ಎಂಬವು ಅತ್ತೆ. ಹೀಗೆ ಸೊಸೆ ಹೊಕ್ಕ ಮನೆಯವರಿಗೆಲ್ಲ ಗಟ್ಟಿಯಾದ ಹೆಸರುಗಳಿವೆ. ಗಂಡನು ಹೆಂಡತಿಯ ತವರಿನವರನ್ನು ಕರೆಯುವ ಶಬ್ದಗಳು ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಮನೆ ಬದಲಿಸಿದವಳು ಅವಳು. ಗಂಡ ಸತ್ತರೆ ಆ ಮನೆಯಲ್ಲಿ ಅವಳ ಜಾಗವೇನು ಎಂಬ ಪ್ರಶ್ನೆ ಏಳುತ್ತಿತ್ತು. ಪ್ರಶ್ನೆಗೊಂದು ಹೆಸರು ಬೇಕಿತ್ತು. ಹೆಂಡತಿ ಸತ್ತ ಗಂಡಸು ಅದೇ ಜಗಲಿಯ ಮೇಲೆ, ಅದೇ ಮನೆಯ ಯಜಮಾನನಾಗಿ ಇರುತ್ತಿದ್ದ. ಅವನಿಗೆ ಹೊಸ ಹೆಸರಿನ ಅಗತ್ಯ ಬೀಳಲಿಲ್ಲ. ಎಷ್ಟೋ ಕಾಲದ ಮೇಲೆ ಬೇಕೆನಿಸಿದಾಗ ಅವಳ ಹೆಸರನ್ನೇ ಹಿಗ್ಗಿಸಿದರು.

ಇಂಗ್ಲಿಷಿನಲ್ಲಿ ಆದ ಕಥೆ ಇನ್ನೂ ಸ್ವಾರಸ್ಯ. ಹಳೆಯ ಇಂಗ್ಲಿಷಿನಲ್ಲಿ ಹೆಂಗಸು ವಿದುವೆ, ಗಂಡಸು ವಿದುವ. ನಮ್ಮ ಅಧ್ಯಕ್ಷ–ಅಧ್ಯಕ್ಷೆ ಇದ್ದ ಹಾಗೆಯೇ! ಆಗ ಆ ಭಾಷೆಗೂ ವಿಭಕ್ತಿಗಳ ಸಂಭ್ರಮವಿತ್ತು. ಕರ್ತೃವಾದರೆ ವಿದುವೆ; ವಿಧವೆಯನ್ನು, ವಿಧವೆಗೆ, ವಿಧವೆಯ ಎನ್ನಲು ವಿದುವನ್; ಹಲವು ವಿಧವೆಯರ ಎನ್ನಲು ವಿದುವೆನ. ಬರಬರುತ್ತ ಕೊನೆಯ ಸ್ವರಗಳನ್ನು ಜನ ನುಂಗತೊಡಗಿದರು. ಅಕಾರ, ಎಕಾರ ಎರಡೂ ಒಂದೇ ಮಂಕು ದನಿಯಾಗಿ, ಆಮೇಲೆ ಅದೂ ಮಾಯವಾಯಿತು. ವಿದುವ, ವಿದುವೆ ಇಬ್ಬರೂ ವಿಡೊ ಆಗಿಬಿಟ್ಟರು. ಗೊಂದಲ ಬೇಡವೆಂದು ಹದಿನಾಲ್ಕನೆಯ ಶತಮಾನದಲ್ಲಿ ಗಂಡಸಿಗೆ ‘ಅರ್’ ಎಂಬ ಬಾಲ ಹಚ್ಚಿದರು. ಬೇಕರ್, ಟೀಚರ್ ಎನ್ನುವಲ್ಲಿರುವ ‘ಅರ್’ ಇದೇ. ವಿಭಕ್ತಿಯ ರಾಶಿಯಲ್ಲಿ ಇಂಗ್ಲಿಷಿಗೆ ಉಳಿದದ್ದು ‘ವಿಡೋಸ್’ ಎನ್ನುವ ಷಷ್ಠಿಯ ಒಂದು ಸಕಾರ ಮಾತ್ರ. ಜರ್ಮನ್ನಿನಲ್ಲಿ ಏಕವಚನ ಎಲ್ಲ ವಿಭಕ್ತಿಗಳಲ್ಲೂ ವಿಟ್ವೆ, ಬಹುವಚನ ವಿಟ್ವೆನ್. ರಷ್ಯನ್ನರು ಮಾತ್ರ ಹಳೆಯ ಸಂಪತ್ತನ್ನು ಜೋಪಾನ ಮಾಡಿದ್ದಾರೆ. ಅವರ ವ್ದೊವಾ ಈಗಲೂ ಆರು ವಿಭಕ್ತಿಗಳಲ್ಲಿ ನಡೆಯುತ್ತದೆ. ಒಬ್ಬಳಿದ್ದಾಗ ಒತ್ತು ಕೊನೆಯ ಅಕ್ಷರದ ಮೇಲೆ, ಹಲವರಿದ್ದಾಗ ಒತ್ತು ಹಿಂದಕ್ಕೆ ಸರಿದು ವ್ದೋವಿ. ಎರಡು ಮಹಾಯುದ್ಧಗಳನ್ನು ಕಂಡ ಆ ದೇಶದಲ್ಲಿ ಬಹುವಚನಕ್ಕೆ ಕೆಲಸ ಹೆಚ್ಚಿತ್ತು.

ಲ್ಯಾಟಿನ್ನಿನ ವಿದುವಾ, ದ್ವಿತೀಯೆಯಲ್ಲಿ ವಿದುವಮ್. ಸಂಸ್ಕೃತದ ವಿಧವಾ, ದ್ವಿತೀಯೆಯಲ್ಲಿ ವಿಧವಾಮ್. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಹುಡುಗನೂ ಪಾಟಲಿಪುತ್ರದ ಹುಡುಗನೂ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಇದನ್ನು ಗಟ್ಟು ಹಾಕಿರಬೇಕು. ಕನ್ನಡದ ಕುಲ ಬೇರೆ ಎಂಬುದನ್ನು ಕಾಲ್ಡ್‌ವೆಲ್ ಪಾದ್ರಿ ತನ್ನ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ ೧೮೫೬ರಲ್ಲಿ ವಿಸ್ತಾರವಾಗಿ ತೋರಿಸಿದ. ನಾವು ಈ ಶಬ್ದವನ್ನು ಸಂಸ್ಕೃತದಿಂದ ತಂದುಕೊಂಡು ಕೊನೆಯ ಆಕಾರವನ್ನು ಎಕಾರ ಮಾಡಿದೆವು. ಸೀತಾ ಸೀತೆಯಾದಂತೆ ವಿಧವಾ ವಿಧವೆಯಾದಳು. ಆಮೇಲೆ ನಮ್ಮದೇ ಪ್ರತ್ಯಯಗಳು: ವಿಧವೆಯನ್ನು, ವಿಧವೆಗೆ, ವಿಧವೆಯರು. ಕಾಲ್ಡ್‌ವೆಲ್‌ನ ಪುಸ್ತಕ ಬಂದ ೧೮೫೬ರಲ್ಲೇ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆಯೂ ಬಂತು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದ ಫಲ ಅದು. ಮರುಮದುವೆಗೆ ಅನುಮತಿ ಕೊಟ್ಟ ಆ ಕಾಯ್ದೆಯೇ, ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಬಿಡಬೇಕೆಂದೂ ಹೇಳಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುವುದು ಹೊಸದೇನಲ್ಲ.

ಯುರೋಪಿನಲ್ಲಿ ಈ ಶಬ್ದವನ್ನು ಹೊತ್ತವರ ಬಾಳು ಹೇಗಿತ್ತು? ಅಲ್ಲಿಯೂ ಬಣ್ಣದ ಕಟ್ಟುಪಾಡಿತ್ತು. ವಿಕ್ಟೋರಿಯಾ ರಾಣಿ ಗಂಡ ಆಲ್ಬರ್ಟ್ ೧೮೬೧ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ೧೯೦೧ರಲ್ಲಿ ತಾನು ಸಾಯುವವರೆಗೆ ಕಪ್ಪು ಬಟ್ಟೆ ಬಿಡಲಿಲ್ಲ. ಇನ್ನೂ ಹಿಂದೆ ಫ್ರಾನ್ಸಿನ ರಾಣಿಯರು ವೈಧವ್ಯದಲ್ಲಿ ಬಿಳಿಯನ್ನು ಉಡುತ್ತಿದ್ದರು. ಆದರೆ ಇನ್ನೊಂದು ಮಗ್ಗುಲೂ ಇತ್ತು. ಇಂಗ್ಲೆಂಡಿನ ಕಾನೂನಿನಲ್ಲಿ ೧೮೮೨ರ ಕಾಯ್ದೆ ಬರುವವರೆಗೂ ಮದುವೆಯಾದ ಹೆಂಗಸಿನ ಆಸ್ತಿಯ ಮೇಲೆ ಅಧಿಕಾರ ಗಂಡನದು. ಕನ್ಯೆಗೂ ವಿಧವೆಗೂ ಮಾತ್ರ ಕಾನೂನಿನ ಮುಂದೆ ಸ್ವಂತ ಅಸ್ತಿತ್ವ. ಫ್ರಾನ್ಸಿನಲ್ಲಿ ೧೮೦೪ರ ನೆಪೋಲಿಯನ್ ಸಂಹಿತೆ ಹೆಂಡತಿ ಗಂಡನ ಮಾತು ಕೇಳಬೇಕೆಂದು ಬರೆದಿಟ್ಟಿತು. ೧೮೦೫ರಲ್ಲಿ ಬಾರ್ಬ್ ನಿಕೋಲ್ ಕ್ಲಿಕೊ ಎಂಬಾಕೆ ಇಪ್ಪತ್ತೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡಳು. ಗಂಡನ ದ್ರಾಕ್ಷಾರಸದ ವ್ಯಾಪಾರವನ್ನು ತಾನೇ ಕೈಗೆತ್ತಿಕೊಂಡು ರಷ್ಯದವರೆಗೂ ಸರಕು ಕಳಿಸಿ ಹೆಸರು ಮಾಡಿದಳು. ಆ ಶಾಂಪೇನಿನ ಸೀಸೆಗಳ ಮೇಲೆ ಇಂದಿಗೂ ವ್ಯೂವ್ ಕ್ಲಿಕೊ ಎಂದಿರುತ್ತದೆ. ವ್ಯೂವ್ ಎಂದರೆ ವಿಧವೆ. ಲ್ಯಾಟಿನ್ನಿನ ವಿದುವಾ ಫ್ರೆಂಚರ ಬಾಯಲ್ಲಿ ಸವೆದು ಉಳಿದ ರೂಪ. ನಮ್ಮಲ್ಲಿ ಯಾರಾದರೂ ತಮ್ಮ ಉಪ್ಪಿನಕಾಯಿ ಡಬ್ಬಿಯ ಮೇಲೆ ಈ ಶಬ್ದವನ್ನು ಅಚ್ಚು ಹಾಕಿಸಿಯಾರೇ? ಮುತ್ತೈದೆಯ ಕೈಯ ಉಪ್ಪಿನಕಾಯಿ ಎಂದು ಬೇಕಾದರೆ ಹಾಕಿಸಿಯಾರು.

ನಮ್ಮ ಕನ್ನಡದಲ್ಲಿ ವಿಧವೆ ಎಂಬುದು ಕಾಗದದ ಮೇಲಿನ ಮಾತು. ಬಾಯಲ್ಲಿ ಇದ್ದ ಶಬ್ದಗಳನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ಮುಂಡ ಎಂದರೆ ಬೋಳಿಸಿದ ತಲೆ, ಅದರಿಂದ ಮುಂಡೆ. ಇವತ್ತು ಅರ್ಥ ಯೋಚಿಸದೆ ಮಕ್ಕಳನ್ನು ಮುದ್ದಿನಿಂದ ಗದರುವಾಗಲೂ “ಮುಂಡೇದೇ” ಎನ್ನುತ್ತೇವೆ. ನನ್ನ ಅಜ್ಜಿಯ ತಂಗಿ, ನಾವು ಚಿಕ್ಕಜ್ಜಿ ಎನ್ನುತ್ತಿದ್ದವರು, ಹನ್ನೊಂದು ವರ್ಷಕ್ಕೆ ಈ ಶಬ್ದಕ್ಕೆ ಬಿದ್ದವರು. ಕೆಂಪು ಸೀರೆಯ ಸೆರಗು ತಲೆಯ ಮೇಲೆ ಸದಾ ಇರುತ್ತಿತ್ತು. ಮನೆಯ ಅಷ್ಟೂ ಬಾಣಂತನ ಮಾಡಿದ ಕೈ ಅವರದು. ನಾಮಕರಣದ ದಿನ ಮಾತ್ರ ಅವರು ಹಿತ್ತಲಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ಅವರ ವೈಕುಂಠ ಸಮಾರಾಧನೆಯ ಸಂಕಲ್ಪದಲ್ಲಿ ಪುರೋಹಿತರು ಹೇಳಿದಾಗ. ಅಂಥವರ ಕಥೆಯನ್ನು ಕನ್ನಡ ಕಾದಂಬರಿ ಬೇಗನೆ ಕೈಗೆತ್ತಿಕೊಂಡಿತು ಎಂಬುದು ಸಮಾಧಾನ. ೧೮೯೯ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯ ನಾಯಕಿ ಮರುಮದುವೆಯಾಗುವ ಎಳೆಯ ವಿಧವೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ೧೯೭೬ರಲ್ಲಿ ಬಂತು. ಅದನ್ನು ಓದುವಾಗ ನನಗೆ ಚಿಕ್ಕಜ್ಜಿಯ ಕೈಬಳೆ ಇಲ್ಲದ ಮಣಿಕಟ್ಟು ಕಾಣುತ್ತದೆ.

ಈಗ ಸಂಸ್ಕೃತದ ಒಳಗೆ ನಡೆದ ಒಂದು ಸಂಗತಿ ಹೇಳಬೇಕು. ನನ್ನ ಹುಡುಕಾಟದ ಫಲವೆಂದರೆ ಇದೇ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಹೀಗೆ: ಧವ ಎಂದರೆ ಗಂಡ, ವಿ ಎಂದರೆ ಇಲ್ಲದ, ಆದ್ದರಿಂದ ವಿಧವಾ ಎಂದರೆ ಗಂಡನಿಲ್ಲದವಳು. ಕೇಳಲು ಎಷ್ಟು ಸಲೀಸು! ಋಗ್ವೇದದ ಶಬ್ದಗಳಿಗೆ ಅರ್ಥ ಬರೆದ ಯಾಸ್ಕನು ತನ್ನ ನಿರುಕ್ತದಲ್ಲಿ ಈ ಶಬ್ದಕ್ಕೆ ಒಂದಲ್ಲ, ನಾಲ್ಕು ವಿವರಣೆ ಕೊಡುತ್ತಾನೆ. ಆಸರೆ ತಪ್ಪಿದವಳು, ನಡುಗುವವಳು, ಚರ್ಮಶಿರಸ್ ಎಂಬವನ ಮತದಂತೆ ಅತ್ತಿತ್ತ ಓಡುವವಳು, ಕೊನೆಗೆ ಧವ ಎಂಬುದು ಮನುಷ್ಯನ ಹೆಸರೆಂದೂ ಅವನ ಅಗಲಿಕೆಯಿಂದ ವಿಧವಾ ಎಂದೂ. ನಾಲ್ಕು ಕಡೆ ತಡಕಾಡಿದ್ದಾನೆಂದರೆ ಅವನ ಕಾಲಕ್ಕೇ ಶಬ್ದದ ಮೂಲ ಮರೆತುಹೋಗಿತ್ತು ಎಂದರ್ಥ. ನಾಲ್ಕನೆಯ ವಿವರಣೆ ಮಾತ್ರ ಜನರ ನಾಲಗೆಗೆ ಅಂಟಿತು.

ಆದರೆ ಯುರೋಪಿನ ತಂಗಿಯರನ್ನೆಲ್ಲ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ಈ ಲೆಕ್ಕ ಕೂಡುವುದಿಲ್ಲ. ಲ್ಯಾಟಿನ್ನಿನಲ್ಲಿ, ಗಾಥಿಕ್‌ನಲ್ಲಿ, ರಷ್ಯನ್ನಿನಲ್ಲಿ ವಿಧವೆ ಇದ್ದಾಳೆ, ಧವ ಎಲ್ಲಿಯೂ ಇಲ್ಲ. ವೇದದಲ್ಲಿಯೂ ವಿಧವೆ ಬರುತ್ತಾಳೆ. ಗಂಡನಿರುವವರನ್ನು ಹೇಳಬೇಕಾದಾಗ ಹತ್ತನೆಯ ಮಂಡಲದ ಅಂತ್ಯಕ್ರಿಯೆಯ ಸೂಕ್ತ ‘ಅವಿಧವಾ’ ಎನ್ನುತ್ತದೆ, ಅಂದರೆ ವಿಧವೆಯಲ್ಲದವರು. ಅಳೆಯುವ ಕೋಲು ಅಲ್ಲಿ ವಿಧವೆಯೇ. ಅದೇ ಸೂಕ್ತ, ಸತ್ತ ಗಂಡನ ಪಕ್ಕದಲ್ಲಿ ಮಲಗಿದವಳಿಗೆ ಏಳು, ಬದುಕಿರುವವರ ಲೋಕಕ್ಕೆ ಬಾ ಎಂದು ಹೇಳುತ್ತದೆ. ಇದನ್ನೆಲ್ಲ ತೂಗಿ ನೋಡಿದ ಪಂಡಿತರ ತೀರ್ಮಾನವೆಂದರೆ, ವಿಧವಾ ಎಂಬುದು ಒಡೆಯದ ಇಡೀ ಶಬ್ದ. ಮೂಲ ಮರೆತವರು ಅದರ ಮೊದಲ ಅಕ್ಷರವನ್ನು ‘ಇಲ್ಲದ’ ಎಂದು ಓದಿಕೊಂಡು, ಉಳಿದ ತುಂಡನ್ನು ಗಂಡ ಎಂದು ತಿಳಿದರು. ಧವ ಹುಟ್ಟಿದ್ದು ಹೀಗೆ. ೧೮೯೯ರ ಮೊನಿಯರ್ ವಿಲಿಯಮ್ಸ್ ನಿಘಂಟು ಕೂಡ ಧವ ಎಂಬುದು ವಿಧವಾ ಶಬ್ದದಿಂದ ಆಮೇಲೆ ಮಾಡಿಕೊಂಡದ್ದಾಗಿರುವ ಸಂಭವವೇ ಹೆಚ್ಚು ಎಂದು ಬರೆದಿದೆ. ಸಧವೆ ಎಂಬ ಮಂಗಳಕರ ಶಬ್ದವೂ ಈ ತುಂಡಿನಿಂದಲೇ ಕಟ್ಟಿದ್ದು.

ಅಂದಮೇಲೆ ವಿಡೊ, ವಿಟ್ವೆ, ವ್ದೊವಾಗಳಿಂದ ಗಂಡು ರೂಪ ಹುಟ್ಟಿದಂತೆ ನಮ್ಮಲ್ಲೂ ಅವಳ ಶಬ್ದದಿಂದಲೇ ಗಂಡನ ಶಬ್ದ ಹುಟ್ಟಿತು. ಶಬ್ದದ ಚರಿತ್ರೆಯಲ್ಲಿ ಅವಳು ಗಂಡನನ್ನು ಕಳೆದುಕೊಂಡು ಅರ್ಧವಾದವಳಲ್ಲ. ಅವಳು ಮೊದಲಿನಿಂದ ಇಡಿಯಾಗಿಯೇ ಇದ್ದಳು. ಅವಳಿಂದ ಒಂದು ತುಂಡು ತೆಗೆದು ಗಂಡನನ್ನು ಮಾಡಿದರು. ಮೂಲದ ಅರ್ಥದಲ್ಲಿ ಅಗಲಿಕೆಯಿದೆ, ಅದು ನಿಜ. ಆ ನೋವನ್ನು ಯಾವ ನಿಘಂಟೂ ಅಳಿಸಲಾರದು. ಆದರೆ ಅಮಂಗಳ ಎಂಬ ಅರ್ಥ ಆ ಧಾತುವಿನಲ್ಲಿ ಎಲ್ಲಿಯೂ ಇಲ್ಲ. ಅದನ್ನು ತುಂಬಿದವರು ಮನುಷ್ಯರು, ಆಮೇಲೆ. ಮನುಷ್ಯರು ತುಂಬಿದ್ದನ್ನು ಮನುಷ್ಯರೇ ತೆಗೆಯಬಹುದು.

ಶಬ್ದದ ಮೂಲ ತಿಳಿದರೆ ಬಾಳು ಬದಲಾಗುತ್ತದೆಯೇ ಎಂದು ನೀವು ಕೇಳಬಹುದು. ಅರಿಸಿನ ಕುಂಕುಮಕ್ಕೆ ಕರೆಯದವರು ನಾಳೆಯಿಂದ ಕರೆಯುತ್ತಾರೆಂದು ನಾನು ಹೇಳುವುದಿಲ್ಲ. ಕರೆಯಲು ಸಂಕೋಚಪಡುವವರ ಸಂಕೋಚ ನನಗೆ ಅರ್ಥವಾಗುತ್ತದೆ. ಅವರಲ್ಲಿ ನನ್ನ ಮೇಲೆ ಪ್ರೀತಿ ಇರುವವರೂ ಇದ್ದಾರೆ. ಆದರೆ ಈಗ ಅರ್ಜಿಯ ಆ ಚೌಕಕ್ಕೆ ಕೈ ನಡುಗದೆ ಟಿಕ್ ಹಾಕುತ್ತೇನೆ. ಐದು ಸಾವಿರ ವರ್ಷ ಇಷ್ಟು ಭಾಷೆಗಳನ್ನು ದಾಟಿ ಬಂದೂ ಗುರುತು ಸಿಗುವಷ್ಟು ಗಟ್ಟಿಯಾಗಿ ಉಳಿದ ಶಬ್ದ ಅದು. ಅದನ್ನು ನನ್ನದೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ನಮ್ಮ ಬೀದಿಯಲ್ಲಿ ಸೋಮವಾರ ಸಂಜೆ ಹೆಂಗಸರ ಭಜನೆ ಇರುತ್ತದೆ. ಶಿವನನ್ನು ಉಮಾಧವ ಎಂದು ಕರೆಯುವ ಹಾಡುಗಳು ಅಲ್ಲಿ ಬರುತ್ತವೆ, ವಿಷ್ಣುವನ್ನು ರಮಾಧವ ಎನ್ನುವವೂ ಬರುತ್ತವೆ. ಆ ಹೆಸರುಗಳು ಬಂದಾಗ ನಾನು ಪಕ್ಕದವರಿಗೆ ಏನೂ ಹೇಳಹೋಗುವುದಿಲ್ಲ. ಎಲ್ಲರ ಜೊತೆಗೆ ತಾಳ ಹಾಕಿ ಹಾಡುತ್ತೇನೆ. ದೇವರಿಗೂ ಗಂಡನೆಂಬ ಹೆಸರನ್ನು ಎರವಲು ಕೊಟ್ಟವಳು ಯಾರೆಂದು ನನಗೆ ಗೊತ್ತಿದೆ.